ಹೊಲದ ನೀರು ಮುಗಿಲಿಗೆ ಹೋಗುವ ಎರಡು ದಾರಿಗಳು



ಮಳೆಗಾಲ ಮುಗಿದ ಮೇಲೆ ಊರ ಕೆರೆಯ ನೀರು ದಿನದಿನಕ್ಕೆ ಇಳಿಯುವುದನ್ನು ನೀವೆಲ್ಲರೂ ನೋಡಿದ್ದೀರಿ. ತೂಬು ಎತ್ತದಿದ್ದರೂ, ಏರಿ ಸೋರದಿದ್ದರೂ ನೀರಿನ ಅಂಚು ಹಿಂದೆ ಸರಿಯುತ್ತಲೇ ಹೋಗುತ್ತದೆ. ದನಕರುಗಳು ಕುಡಿಯುವ ನೀರು ಎಷ್ಟು ಮಹಾ! ಹಾಗಾದರೆ ಉಳಿದ ನೀರು ಎಲ್ಲಿಗೆ ಹೋಯಿತು? ಒಂದಷ್ಟು ನೆಲದೊಳಕ್ಕೆ ಇಂಗಿತು. ಮತ್ತೊಂದು ದೊಡ್ಡ ಪಾಲು ನಮ್ಮ ಎದುರಿನಲ್ಲಿಯೇ, ಆದರೆ ನಮ್ಮ ಕಣ್ಣಿಗೆ ಬೀಳದಂತೆ, ಆಕಾಶಕ್ಕೆ ಏರಿ ಹೋಯಿತು.

ಕೆರೆಯಲ್ಲಿ ನಡೆಯುವ ಈ ವ್ಯಾಪಾರವೇ ನಿಮ್ಮ ಹೊಲದಲ್ಲಿಯೂ ನಡೆಯುತ್ತದೆ. ಕೆರೆಯ ನೀರು ಇಳಿದದ್ದು ಕಣ್ಣಿಗೆ ಕಾಣುತ್ತದೆ. ಹೊಲದ ನೀರು ಇಳಿದದ್ದು ಪೈರು ಬಾಡಿದಾಗಲೇ ತಿಳಿಯುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆದುದರಿಂದ ನೀರು ಮೇಲೇರುವುದು ಹೇಗೆ, ಕೆಳಗಿಳಿಯುವುದು ಹೇಗೆ, ಈ ಏರಿಳಿತದಲ್ಲಿ ನಮ್ಮ ಕೈಯಲ್ಲಿರುವುದೇನು ಎಂಬುದನ್ನು ರೈತನಾದವನು ತಿಳಿದಿರಬೇಕು.

ನೀರು ಆವಿಯಾಗುವುದು ಹೇಗೆ?

ಒಲೆಯ ಮೇಲಿಟ್ಟ ನೀರು ಕುದಿದು ಆವಿಯಾಗುವುದು ಎಲ್ಲರಿಗೂ ಗೊತ್ತು. ಆದರೆ ಆವಿಯಾಗಲು ನೀರು ಕುದಿಯಲೇಬೇಕೆಂದಿಲ್ಲ. ಹಗ್ಗದ ಮೇಲೆ ಹರಡಿದ ಒದ್ದೆ ಸೀರೆ ಒಣಗುವುದು ಬಿಸಿಲಿಗೆ; ನೆರಳಿನಲ್ಲಿಯೂ ಒಣಗುತ್ತದೆ, ಸ್ವಲ್ಪ ತಡವಾಗಿ. ಗಾಳಿ ಬೀಸಿದರೆ ಬೇಗ ಒಣಗುತ್ತದೆ. ಮೋಡ ಕವಿದ ಆಷಾಢದ ದಿನ ಎರಡು ದಿನವಾದರೂ ಒಣಗುವುದಿಲ್ಲ. ಬಿಸಿಲು, ಗಾಳಿ ಮತ್ತು ಗಾಳಿಯ ಒಣತನ, ಈ ಮೂರು ಸೇರಿ ನೀರನ್ನು ಮೇಲಕ್ಕೆ ಸೆಳೆಯುತ್ತವೆ. ಸೀರೆಗೆ ಅನ್ವಯಿಸುವ ನಿಯಮವೇ ಕೆರೆಗೂ ಹೊಲಕ್ಕೂ ಅನ್ವಯಿಸುತ್ತದೆ.

ಈ ಕೆಲಸಕ್ಕೆ ಬಹಳ ಶಾಖ ಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಸುಮಾರು ಎಂಟರಷ್ಟು ಶಾಖ ಬೇಕು. ಈ ಶಾಖವನ್ನು ನೀರು ತನ್ನ ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗಿರುವುದು ಇದರಿಂದಲೇ. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ.

ಮೇಲೇರಿದ ಆವಿ ಏನಾಗುತ್ತದೆ?

ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಜೊತೆಗೆ ಆವಿಯೂ ಏರುತ್ತದೆ. ಮೇಲೆ ಹೋದಂತೆ ತಂಪು ಹೆಚ್ಚು. ತಂಪು ಗಾಳಿಯಲ್ಲಿ ಹೆಚ್ಚು ಆವಿ ನಿಲ್ಲಲಾರದು. ಆಗ ಆವಿಯು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳನ್ನೂ, ಸಮುದ್ರದಿಂದ ಬಂದ ಉಪ್ಪಿನ ಕಣಗಳನ್ನೂ ಆಶ್ರಯಿಸಿ ಮತ್ತೆ ನೀರಾಗುತ್ತದೆ. ಇಂಥ ಕೋಟಿಗಟ್ಟಲೆ ಸಣ್ಣ ಹನಿಗಳ ಗುಂಪೇ ಮೋಡ. ಈ ಹನಿ ಎಷ್ಟು ಸಣ್ಣದೆಂದರೆ, ಮಳೆಯ ಒಂದು ಹನಿಯಾಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು. ಎಷ್ಟೋ ಮೋಡಗಳು ಕಪ್ಪಗೆ ಕವಿದು ಒಂದು ಹನಿಯನ್ನೂ ಸುರಿಸದೆ ಹೋಗುವುದು ಈ ಕಾರಣದಿಂದ.

ಚಳಿಗಾಲದ ಬೆಳಗಿನಲ್ಲಿ ಪೈರಿನ ಮೇಲೆ ಕೂರುವ ಇಬ್ಬನಿಯೂ ಇದೇ ಜಾತಿಯದು. ರಾತ್ರಿ ಎಲೆಯು ಗಾಳಿಗಿಂತ ತಂಪಾದಾಗ ಗಾಳಿಯ ಆವಿ ಅದರ ಮೇಲೆ ಹನಿಗಟ್ಟುತ್ತದೆ. ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ ಹುಳಿ ತೆಗೆಯುವ ಹೆಣ್ಣುಮಕ್ಕಳಿಗೆ ಇಬ್ಬನಿಯ ಬೆಲೆ ಗೊತ್ತು. ಆದರೂ ಒಂದು ರಾತ್ರಿಯ ಇಬ್ಬನಿ ಅರ್ಧ ಮಿಲಿಮೀಟರ್ ಮುಟ್ಟುವುದೂ ಅಪರೂಪ. ಅದು ಬೆಳೆಗೆ ಸ್ವಲ್ಪ ಉಸಿರು ಕೊಡಬಹುದು, ಮಳೆಗೆ ಬದಲಾಗಲಾರದು.

ಆಕಾಶವು ನೀರಿನ ಅಕ್ಷಯ ಭಂಡಾರವೆಂದು ಕೆಲವರು ಭಾವಿಸುತ್ತಾರೆ. ಅದು ಹಾಗಲ್ಲ. ಇಡೀ ಭೂಮಂಡಲದ ಗಾಳಿಯಲ್ಲಿರುವ ಆವಿಯೆಲ್ಲ ಒಂದೇ ಸಲ ಮಳೆಯಾಗಿ ಸುರಿದರೆ ನೆಲದ ಮೇಲೆ ಸರಾಸರಿ 25 ಮಿಲಿಮೀಟರ್, ಎಂದರೆ ಒಂದು ಅಂಗುಲ ನೀರು ಮಾತ್ರ ನಿಂತೀತು. ಆದರೆ ಭೂಮಿಯ ಮೇಲೆ ವರ್ಷಕ್ಕೆ ಬೀಳುವ ಮಳೆಯ ಸರಾಸರಿ ಸುಮಾರು 1000 ಮಿಲಿಮೀಟರ್. ಆದ್ದರಿಂದ ಆಕಾಶವು ಭಂಡಾರವಲ್ಲ, ಸಂತೆಯ ದಾರಿ. ಮೇಲೇರಿದ ನೀರು ಅಲ್ಲಿ ಇರುವುದು ಸರಾಸರಿ ಒಂಬತ್ತು ಹತ್ತು ದಿನ ಅಷ್ಟೆ. ಬಳಿಕ ಎಲ್ಲಿಯೋ ಒಂದು ಕಡೆ ಇಳಿಯುತ್ತದೆ.

ಘಟ್ಟದ ಆ ಕಡೆ, ಈ ಕಡೆ

ಎಲ್ಲಿ ಇಳಿಯುತ್ತದೆಂಬುದನ್ನು ಗಾಳಿ ಮತ್ತು ಗುಡ್ಡಗಳು ನಿರ್ಧರಿಸುತ್ತವೆ. ಭೂಮಿಯಿಂದ ಮೇಲೇರುವ ಆವಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಮುದ್ರಗಳದು. ನಮ್ಮ ಮುಂಗಾರು ಮಳೆಯ ದೊಡ್ಡ ಪಾಲನ್ನು ತರುವುದು ಅರಬ್ಬೀ ಸಮುದ್ರದ ಮೇಲಿಂದ ಬರುವ ಗಾಳಿ. ಈ ಗಾಳಿ ಪಶ್ಚಿಮ ಘಟ್ಟಕ್ಕೆ ಬಂದು ತಗಲಿದಾಗ ಮುಂದೆ ದಾರಿಯಿಲ್ಲದೆ ಮೇಲೇರುತ್ತದೆ, ತಂಪಾಗುತ್ತದೆ, ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಘಟ್ಟ ದಾಟಿದ ಗಾಳಿ ಮತ್ತೆ ಕೆಳಗಿಳಿದು ಬಿಸಿಯಾಗುತ್ತದೆ. ಉಳಿದ ಆವಿಯನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಆದುದರಿಂದ ಚಳ್ಳಕೆರೆ ಸೀಮೆಯಲ್ಲಿ ವರ್ಷದ ಮಳೆ 500 ಮಿಲಿಮೀಟರ್ ಮುಟ್ಟುವುದೂ ಕಷ್ಟ. ವಿಜಯಪುರದ ಕಡೆ ಸುಮಾರು 600 ಮಿಲಿಮೀಟರ್.

ಬಯಲುಸೀಮೆಯ ರೈತನಿಗೆ ಇನ್ನೊಂದು ಕಷ್ಟವೂ ಇದೆ. ಮಳೆ ಕಡಿಮೆ ತರುವ ಆ ಒಣಗಾಳಿಯೇ ನೀರನ್ನು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ನೀರು ಸದಾ ತುಂಬಿರುವಂತೆ ನೋಡಿಕೊಂಡ ಹೊಂಡದಿಂದ ಈ ಸೀಮೆಯಲ್ಲಿ ಒಂದು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆಳದ ನೀರು ಆವಿಯಾಗಬಲ್ಲದು. ಆಕಾಶ ಕೊಡುವುದು 600 ಮಿಲಿಮೀಟರ್, ಕೇಳುವುದು 1500ಕ್ಕೂ ಹೆಚ್ಚು. ಇಂಥ ಸಾಲಗಾರನ ಮುಂದೆ ಹೊಲದ ತೇವವನ್ನು ಬಯಲಿಗೆ ಬಿಟ್ಟು ಕುಳಿತರೆ ಏನು ಉಳಿದೀತು?

ಗಿಡವೂ ನೀರನ್ನು ಮೇಲಕ್ಕೆ ಕಳಿಸುತ್ತದೆ

ಹೊಲಕ್ಕೆ ಇಂಗಿದ ನೀರು ಆಕಾಶಕ್ಕೆ ಹೋಗಲು ಎರಡು ದಾರಿಗಳಿವೆ. ಒಂದು, ಬರಿ ಮಣ್ಣಿನ ಮೈಯಿಂದ ನೇರವಾಗಿ. ಇನ್ನೊಂದು, ಗಿಡದ ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಎಲೆಗೆ, ಎಲೆಯ ಸಣ್ಣ ರಂಧ್ರಗಳಿಂದ ಹೊರಕ್ಕೆ.

ಗಿಡ ಎಷ್ಟು ನೀರು ಕಳಿಸುತ್ತದೆ? ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಮಣ್ಣಿನ ಕುಂಡದಲ್ಲಿ ಸೂರ್ಯಕಾಂತಿ ಗಿಡವನ್ನು ಬೆಳೆಸಿ, ಮಣ್ಣಿನ ನೀರು ಹಾರಿಹೋಗದಂತೆ ಕುಂಡದ ಬಾಯಿಯನ್ನು ಸೀಸದ ತಗಡಿನಿಂದ ಮುಚ್ಚಿ, ದಿನವೂ ತೂಗಿ ನೋಡಿದ. ಮೂರೂವರೆ ಅಡಿ ಎತ್ತರದ ಆ ಒಂದೇ ಗಿಡ ಹಗಲಿನ ಹನ್ನೆರಡು ಗಂಟೆಗಳಲ್ಲಿ ಸರಾಸರಿ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಎಲೆಗಳ ಮೂಲಕ ಹೊರಹಾಕುತ್ತಿತ್ತು. ಇದನ್ನು ಅವನು 1727ರಲ್ಲಿ ಪ್ರಕಟಿಸಿದ. ನಿಮ್ಮ ಸೂರ್ಯಕಾಂತಿ ಹೊಲದಲ್ಲಿರುವ ಗಿಡಗಳನ್ನು ಒಮ್ಮೆ ನೆನೆಯಿರಿ!

ಎಲೆಯಿಂದ ಹೋದ ನೀರು ಪೋಲಾದಂತೆ ಅಲ್ಲವೆ ಎಂದು ನೀವು ಕೇಳಬಹುದು. ಅಲ್ಲ. ಎಲೆಯ ರಂಧ್ರ ತೆರೆದಾಗಲೇ ಗಾಳಿಯಲ್ಲಿರುವ ಇಂಗಾಲಾಮ್ಲ ಒಳಗೆ ಬರುವುದು. ಗಿಡ ತನ್ನ ಆಹಾರವನ್ನು ಅದರಿಂದಲೇ ತಯಾರಿಸಬೇಕು. ಬಾಗಿಲು ತೆರೆದು ಆಹಾರ ತೆಗೆದುಕೊಳ್ಳುವಾಗ ನೀರು ಹೊರಗೆ ಹೋಗುತ್ತದೆ. ನೀರು ಸಾಲದಿದ್ದರೆ ಗಿಡ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ನೀರೂ ಹೋಗದು, ಬೆಳವಣಿಗೆಯೂ ಆಗದು. ಎಲೆಯ ಮೂಲಕ ಹೋದ ನೀರು ಕೂಲಿ ಮಾಡಿ ಹೋದ ನೀರು. ಬರಿ ಮಣ್ಣಿನಿಂದ ಹೋದ ನೀರು ಕೆಲಸ ಮಾಡದೆ ಕೂಲಿ ಪಡೆದು ಹೋದ ಆಳಿನಂತೆ.

ಅಮೆರಿಕದ ಕೊಲರಾಡೋ ಸೀಮೆಯ ಆಕ್ರನ್ ಎಂಬಲ್ಲಿ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬ ವಿಜ್ಞಾನಿಗಳು 1910ರ ದಶಕದಲ್ಲಿ ಈ ಕೂಲಿಯ ಲೆಕ್ಕವನ್ನು ತೆಗೆದರು. ಒಣಗಿದ ಒಂದು ಕಿಲೋ ಬೆಳೆ (ಕಾಳು, ದಂಟು, ಎಲೆ ಎಲ್ಲ ಸೇರಿ) ತಯಾರಾಗಲು ಜೋಳದ ಜಾತಿಗೆ ಸುಮಾರು 300 ಲೀಟರ್, ಗೋಧಿಗೆ ಸುಮಾರು 500 ಲೀಟರ್, ಲೂಸರ್ನ್ ಮೇವಿಗೆ ಸುಮಾರು 800 ಲೀಟರ್ ನೀರು ಬೇಕಾಯಿತು. ಹವೆ ಹೆಚ್ಚು ಒಣಗಿದ್ದರೆ ಈ ಅಂಕೆ ಏರುತ್ತದೆ, ತೇವವಿದ್ದರೆ ಇಳಿಯುತ್ತದೆ. ಒಣಸೀಮೆಯಲ್ಲಿ ನಮ್ಮ ಹಿರಿಯರು ಜೋಳವನ್ನೇ ನೆಚ್ಚಿಕೊಂಡದ್ದು ಸುಮ್ಮನಲ್ಲ.

ಒಂದು ಎಕರೆಯ ಜಮಾಖರ್ಚು

ಈಗ ಒಂದು ಎಕರೆ ಜೋಳದ ಹೊಲದ ನೀರಿನ ಲೆಕ್ಕ ಬರೆಯೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4000 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಬಿದ್ದರೆ 24 ಲಕ್ಷ ಲೀಟರ್. ಇದು ಜಮಾ.

ಖರ್ಚಿನ ಕಡೆ ನೋಡಿರಿ. ಹೊಲದಲ್ಲಿ ಕಾಳು, ಸೊಪ್ಪೆ ಎಲ್ಲ ಸೇರಿ 2000 ಕಿಲೋ ಒಣ ಬೆಳೆ ಬಂದಿತೆಂದು ಇಟ್ಟುಕೊಳ್ಳೋಣ. ಕಿಲೋಗೆ 300 ಲೀಟರಿನಂತೆ ಬೆಳೆ ಬಳಸಿದ ನೀರು 6 ಲಕ್ಷ ಲೀಟರ್. ಜಮಾ ಆದ ನೀರಿನಲ್ಲಿ ಇದು ನಾಲ್ಕನೆಯ ಒಂದು ಪಾಲು ಮಾತ್ರ! ಉಳಿದ 18 ಲಕ್ಷ ಲೀಟರ್ ಏನಾಯಿತು? ಒಂದಷ್ಟು ಬದು ದಾಟಿ, ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳಕ್ಕೆ ಹೋಯಿತು. ಒಂದಷ್ಟು ಬೇರಿಗೆ ಎಟುಕದ ಆಳಕ್ಕೆ ಇಳಿಯಿತು. ಒಂದಷ್ಟನ್ನು ಕಳೆ ಕುಡಿಯಿತು. ಬಿತ್ತನೆಗೆ ಮುಂಚೆ, ಪೈರು ಚಿಕ್ಕದಿರುವಾಗ, ಕೊಯ್ಲಿನ ಬಳಿಕ ಬರಿ ಮಣ್ಣಿನಿಂದ ಮೇಲೇರಿ ಹೋದದ್ದು ಬಹಳ.

ಇದರಲ್ಲಿ 25 ಮಿಲಿಮೀಟರ್, ಎಂದರೆ ಒಂದು ಒಳ್ಳೆಯ ಹದಮಳೆಯಷ್ಟು ನೀರನ್ನು ಉಳಿಸಿ ಬೆಳೆಯ ಬೇರಿಗೆ ಒದಗಿಸಿದಿರೆನ್ನಿ. ಅದು ಒಂದು ಲಕ್ಷ ಲೀಟರ್. ಜೋಳದ ಲೆಕ್ಕದಲ್ಲಿ 330 ಕಿಲೋ ಒಣ ಬೆಳೆ. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಕಾಳೆಂದು ಹಿಡಿದರೂ ಎಕರೆಗೆ ಒಂದು ಚೀಲ ಜೋಳ ಹೆಚ್ಚಾಯಿತು. ಸೊಪ್ಪೆ ದನಗಳ ಪಾಲಿಗೆ ಬಂತು. ಗೊಬ್ಬರ ಸಾಕಷ್ಟಿದ್ದು, ರೋಗ ಕೀಟಗಳ ಬಾಧೆಯಿಲ್ಲದಿದ್ದರೆ ಈ ಲೆಕ್ಕ ಹೊಲದಲ್ಲಿಯೂ ನಡೆಯುತ್ತದೆ. ಮಳೆ ಎಷ್ಟು ಬಿದ್ದಿತೆಂಬುದು ನಮ್ಮ ಕೈಯಲ್ಲಿಲ್ಲ. ಬಿದ್ದ ಮಳೆ ಯಾವ ದಾರಿಯಿಂದ ಹೋಗಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ನೀರನ್ನು ಎಲೆಯ ದಾರಿಗೆ ತಿರುಗಿಸುವುದು ಹೇಗೆ?

1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ತಕ್‌ಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಆರಂಭವಾದವು. ಅವುಗಳಲ್ಲಿ ಮೂರು ಇಂದಿನ ಕರ್ನಾಟಕದಲ್ಲಿಯೇ ಇವೆ. ಬದು ಹಾಕುವುದು, ಮಾಗಿ ಉಳುಮೆ, ಮೇಲಿಂದ ಮೇಲೆ ಕುಂಟೆ, ಸಾಲಿನ ಅಂತರ ಹೆಚ್ಚಿಸಿ ಬೀಜ ಮಿತವಾಗಿ ಹಾಕುವುದು, ಇವು ಅಂದಿನಿಂದಲೂ ಒಣಬೇಸಾಯದ ಮುಖ್ಯ ಪಾಠಗಳಾಗಿವೆ. ಅದರ ಸಾರ ಹೀಗಿದೆ:

ಮೊದಲನೆಯದಾಗಿ, ಬಿದ್ದ ನೀರು ಬಿದ್ದಲ್ಲಿಯೇ ಇಂಗಬೇಕು. ಇಳಿಜಾರಿಗೆ ಅಡ್ಡಲಾಗಿ ಉಳಿರಿ, ಅಡ್ಡಲಾಗಿಯೇ ಬಿತ್ತಿರಿ. ಒಡೆದ ಬದುವನ್ನು ಮಳೆಗಿಂತ ಮುಂಚೆ ಕಟ್ಟಿರಿ. ಹಿಂಗಾರಿ ಬಿತ್ತುವ ಎರೆಭೂಮಿಯಲ್ಲಿ ಮುಂಗಾರಿನ ಆರಂಭದಲ್ಲಿಯೇ ಚೌಕು ಮಡಿ ಮಾಡಿರಿ. ಎರೆಮಣ್ಣು ಒಂದು ಮೀಟರ್ ಆಳವಿದ್ದರೆ ಬೆಳೆಗೆ ಒದಗುವಂತೆ ಸುಮಾರು 200 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು. ಉತ್ತರೆ, ಹಸ್ತ ಮಳೆಗೆ ಬಿತ್ತಿದ ಬಿಳಿಜೋಳ ಆಮೇಲೆ ಮಳೆ ಕಾಣದಿದ್ದರೂ ತೆನೆ ಹಿರಿಯುವುದು ಈ ಠೇವಣಿಯ ಬಲದಿಂದ. ಕೆಂಪು ಮಸಾರಿಯ ಚೀಲ ಇದರ ಅರ್ಧದಷ್ಟು ಮಾತ್ರ. ಅಲ್ಲಿ ಸಗಣಿಗೊಬ್ಬರವೇ ಚೀಲವನ್ನು ದೊಡ್ಡದು ಮಾಡುವ ಸಾಧನ.

ಎರಡನೆಯದಾಗಿ, ಇಂಗಿದ ತೇವವನ್ನು ಬಿಸಿಲಿನಿಂದ ಮುಚ್ಚಬೇಕು. ಮಳೆ ಬಂದ ಮರುದಿನ ಒದ್ದೆ ಮಣ್ಣು ಕೆರೆಯಷ್ಟೇ ವೇಗದಿಂದ ನೀರನ್ನು ಬಿಡುತ್ತದೆ. ಮೇಲಿನ ಪದರ ಒಣಗಿದ ಮೇಲೆ ಅದೇ ಒಂದು ಹೊದಿಕೆಯಾಗಿ ನಷ್ಟ ತಗ್ಗುತ್ತದೆ. ಆದರೆ ಎರೆಭೂಮಿ ಒಣಗಿದಾಗ ಬಿರಿಯುತ್ತದೆ; ಬಿರುಕಿನ ಗೋಡೆಗಳಿಂದ ಆಳದ ತೇವವೂ ಹಾರಿಹೋಗುತ್ತದೆ, ಬೇರೂ ಹರಿಯುತ್ತದೆ. ಹದ ನೋಡಿ ಎಡೆಕುಂಟೆ ಹೊಡೆದರೆ ಬಿರುಕುಗಳು ಮುಚ್ಚುತ್ತವೆ. ಕಳೆಯೂ ಸಾಯುತ್ತದೆ. ಕಳೆಗೂ ಎಲೆಯಿದೆಯೆಂಬುದನ್ನು ಮರೆಯಬೇಡಿರಿ. ನಿಮ್ಮ ಠೇವಣಿಯಿಂದ ಅದು ಕೂಲಿ ಕೊಟ್ಟುಕೊಂಡು ಬೆಳೆಯುತ್ತದೆ, ಫಲ ಮಾತ್ರ ಕೊಡುವುದಿಲ್ಲ.

ಮೂರನೆಯದಾಗಿ, ದನ ತಿನ್ನದ ಕಸಕಡ್ಡಿಯನ್ನು ಸುಡಬೇಡಿರಿ. ಕಬ್ಬಿನ ರವದಿ, ಒಣ ಎಲೆ, ಬೀಜ ಕಟ್ಟುವ ಮುಂಚೆ ಕಿತ್ತ ಕಳೆ, ಇವನ್ನು ಸಾಲುಗಳ ನಡುವೆ ಹಾಸಿರಿ. ಬಿಸಿಲು ಮಣ್ಣಿಗೆ ತಾಗದು, ಗಾಳಿ ತಗಲದು, ಮಳೆಯ ಹನಿ ಮಣ್ಣನ್ನು ಬಡಿದು ಹೆಪ್ಪುಗಟ್ಟಿಸದು.

ನಾಲ್ಕನೆಯದಾಗಿ, ಹದ ಸಿಕ್ಕಾಗ ತಡಮಾಡದೆ ಬಿತ್ತಿರಿ. ಬೇಗ ಎಲೆ ಹರಡಿ ನೆಲವನ್ನು ನೆರಳು ಮಾಡುವ ಅಲಸಂದೆ, ಹೆಸರು, ಹುರುಳಿಗಳನ್ನು ಅಕ್ಕಡಿ ಸಾಲಿನಲ್ಲಿ ಹಾಕಿದರೆ ಬರಿ ನೆಲ ಕಡಿಮೆಯಾಗುತ್ತದೆ. ನೀರಾವರಿ ಇದ್ದವರು ನಡುಮಧ್ಯಾಹ್ನ ನೀರು ಹಾಯಿಸುವುದನ್ನು ಬಿಟ್ಟು ಸಂಜೆ ಅಥವಾ ಮುಂಜಾನೆ ಹಾಯಿಸಿರಿ. ಹನಿ ನೀರಾವರಿಯಲ್ಲಿ ಗಿಡದ ಬುಡ ಮಾತ್ರ ನೆನೆಯುವುದರಿಂದ ಸಾಲುಗಳ ನಡುವಿನ ನೀರು ಉಳಿಯುತ್ತದೆ.

ಕೆರೆ ಮತ್ತು ಕೃಷಿಹೊಂಡ

ನೂರು ಎಕರೆ ನೀರು ಹರಡಿದ ಕೆರೆಯಿಂದ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೆ 20 ಲಕ್ಷ ಲೀಟರ್ ಹೋದಂತೆ. ಐದು ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ ತುಂಬಿದರೆ ನಾನೂರು ಟ್ಯಾಂಕರ್! ಬಿರುಬೇಸಗೆಯಲ್ಲಿ ಇದು ಇನ್ನೂ ಹೆಚ್ಚು. ಆವಿಯಾಗುವುದು ನೀರಿನ ಮೈಯಿಂದ, ಆಳದಿಂದಲ್ಲ. ಆದ್ದರಿಂದ ಅಷ್ಟೇ ನೀರು ಆಳವಾದ, ಕಿರಿದಾದ ಜಾಗದಲ್ಲಿದ್ದರೆ ಹೆಚ್ಚು ದಿನ ಬಾಳುತ್ತದೆ. ಹೂಳು ತುಂಬಿದ ಕೆರೆ ತಟ್ಟೆಯಂತೆ. ನೀರು ಹರಡಿ ಬೇಗ ಹಾರುತ್ತದೆ. ಹೂಳೆತ್ತಿದ ಕೆರೆ ಕೊಡದಂತೆ. ಎತ್ತಿದ ಹೂಳು ಹೊಲಕ್ಕೆ ಹೋದರೆ ಮಸಾರಿಯ ತೇವದ ಚೀಲವೂ ದೊಡ್ಡದಾಗುತ್ತದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ನಮ್ಮ ರಾಜ್ಯದ ಒಣಭೂಮಿಯಲ್ಲಿ ಅನೇಕ ಕೃಷಿಹೊಂಡಗಳಾಗಿವೆ. ಹೊಂಡದ ನೀರನ್ನು ಬೇಸಗೆಗೆಂದು ಇಟ್ಟು ಕಾಯುವುದಕ್ಕಿಂತ, ತೆನೆ ಹೊಡೆಯುವ ಕಾಲದಲ್ಲಿ ಮಳೆ ಕೈಕೊಟ್ಟಾಗ ಒಂದು ಸಲ ಹಾಯಿಸುವುದು ಲಾಭ. ಕಾದಷ್ಟೂ ಆಕಾಶಕ್ಕೆ ಪಾಲು ಹೆಚ್ಚು.

ಮರ ಬೆಳೆಸಿದರೆ ಮಳೆ ಬರುವುದೆ?

ಇದು ಊರೂರಿನಲ್ಲಿ ಕೇಳುವ ಪ್ರಶ್ನೆ. ನೆಲದ ಮೇಲೆ ಬೀಳುವ ಮಳೆಯಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚು ಮತ್ತೆ ನೆಲದಿಂದಲೂ ಗಿಡಮರಗಳಿಂದಲೂ ಆಕಾಶಕ್ಕೆ ಹೋಗುತ್ತದೆ. ವಿಶಾಲವಾದ ಕಾಡುಗಳಿಂದ ಏರಿದ ಆವಿ ಮುಂದಿನ ಸೀಮೆಗಳ ಮಳೆಗೆ ನೆರವಾಗುತ್ತದೆಂಬುದು ನಿಜ. ಆದರೆ ನಮ್ಮ ಊರ ಮರದಿಂದ ಏರಿದ ಆವಿ ನಮ್ಮ ಊರಿನಲ್ಲಿಯೇ ಇಳಿಯಬೇಕೆಂಬ ನಿಯಮವಿಲ್ಲ. ಗಾಳಿ ಅದನ್ನು ದೂರ ಒಯ್ಯುತ್ತದೆ. ಬದುವಿನ ಮರಗಳು ನಮಗೆ ನೇರವಾಗಿ ಮಾಡುವ ಉಪಕಾರ ಬೇರೆ. ಅವು ಬಿರುಗಾಳಿಯನ್ನು ತಡೆದು ಹೊಲದ ತೇವ ಹಾರುವುದನ್ನು ತಗ್ಗಿಸುತ್ತವೆ, ಮಣ್ಣನ್ನು ಹಿಡಿಯುತ್ತವೆ, ಎಲೆ ಉದುರಿಸಿ ಗೊಬ್ಬರ ಕೊಡುತ್ತವೆ. ಆ ಲಾಭಕ್ಕಾಗಿ ಮರ ನೆಡಿರಿ.

ನೀವೇ ಮಾಡಿ ನೋಡಿರಿ

ಇದಕ್ಕೆ ದೊಡ್ಡ ಸಾಧನಗಳು ಬೇಡ. ಬಿಸಿಲಿರುವ ಬೆಳಿಗ್ಗೆ ಹಸಿರು ಗಿಡದ ಒಂದು ಕೊಂಬೆಗೆ ತಿಳಿಯಾದ ಪ್ಲಾಸ್ಟಿಕ್ ಚೀಲ ಕಟ್ಟಿರಿ. ಒಂದೆರಡು ಗಂಟೆಗಳಲ್ಲಿ ಚೀಲದ ಒಳಗೆ ನೀರ ಹನಿಗಳು ಮೂಡುತ್ತವೆ. ಅದೇ ಎಲೆಯಿಂದ ಹೋಗುವ ನೀರು.

ಇನ್ನು ಒಂದೇ ಅಳತೆಯ ಎರಡು ಡಬ್ಬಗಳಲ್ಲಿ ನಿಮ್ಮ ಹೊಲದ ಮಣ್ಣನ್ನು ಸಮನಾಗಿ ತುಂಬಿ, ಸಮನಾಗಿ ನೀರು ಹಾಕಿರಿ. ಒಂದಕ್ಕೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಮುಚ್ಚಿ ಎರಡನ್ನೂ ತೂಗಿ ಬರೆದಿಡಿರಿ. ಬಿಸಿಲಿನಲ್ಲಿಟ್ಟು ಐದು ದಿನ, ದಿನವೂ ಅದೇ ಹೊತ್ತಿಗೆ ತೂಗಿರಿ. ತೂಕದಲ್ಲಿ ಕಡಿಮೆಯಾದ ಪ್ರತಿ ಕಿಲೋ ಒಂದು ಲೀಟರ್ ನೀರು. ಎರಡು ಡಬ್ಬಗಳ ವ್ಯತ್ಯಾಸವನ್ನು ಮನೆಯ ಮಕ್ಕಳಿಂದ ಲೆಕ್ಕ ಹಾಕಿಸಿರಿ. ಊರ ಶಾಲೆಯಲ್ಲಿಯೂ ಇದನ್ನು ಮಾಡಿಸಬಹುದು.

ಮಳೆ ಬಂದ ದಿನ ಎಷ್ಟು ಮಿಲಿಮೀಟರ್ ಬಿತ್ತೆಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡುವ ರೂಢಿ ಮಾಡಿಕೊಳ್ಳಿರಿ. ರಾಜ್ಯದಲ್ಲಿ ಈಗ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಮಿಲಿಮೀಟರನ್ನು ನಾಲ್ಕು ಸಾವಿರದಿಂದ ಗುಣಿಸಿರಿ. ನಿಮ್ಮ ಎಕರೆಗೆ ಬಂದ ಲೀಟರ್ ಎಷ್ಟೆಂದು ತಿಳಿಯುತ್ತದೆ. ಹಣ ಬಂದಾಗ ಎಣಿಸಿಕೊಳ್ಳುವ ನಾವು ನೀರು ಬಂದಾಗಲೂ ಎಣಿಸಿಕೊಳ್ಳಬೇಡವೆ?

ಮೇಲೇರಿದ ನೀರನ್ನು ಯಾರೂ ಹಿಂದಕ್ಕೆ ಕರೆಯಲಾರರು. ಅದು ಯಾವ ಊರಿನ ಮೇಲೆ ಇಳಿಯುವುದೋ ಬಲ್ಲವರಿಲ್ಲ. ಏರುವ ಮುನ್ನ ಅದು ನಿಮ್ಮ ಬೆಳೆಯ ಎಲೆಯನ್ನು ಹಾದು ಹೋಗುವಂತೆ ಮಾಡುವುದು ಮಾತ್ರ ನಿಮ್ಮಿಂದ ಸಾಧ್ಯ. ಮುಂದಿನ ಮಳೆ ಬರುವ ಮೊದಲು ನಿಮ್ಮ ಹೊಲದ ಬದುವನ್ನು ಒಮ್ಮೆ ಸುತ್ತಿ ಬನ್ನಿರಿ. ಒಡೆದ ಜಾಗ ಕಂಡರೆ ಅದನ್ನು ಆ ದಿನವೇ ಕಟ್ಟಿರಿ.